ಅಪ್ಪಾಜಿಯ ಉಲ್ಟಾ ಕ್ಯಾಮೆರಾ

ಹೆಗ್ಗನಹಳ್ಳಿಯ ನಮ್ಮ ವಠಾರದ ಮನೆಗೆ ಬೆಳಕು ಬರುತ್ತಿದ್ದದ್ದು ಮುಂಬಾಗಿಲಿನಿಂದ ಮಾತ್ರ. ರೈಲು ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಜೋಡಿಸಿದ ಕೋಣೆಗಳು. ಮೊದಲು ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು. ಬಚ್ಚಲಿನ ಬಾಗಿಲು ತೆಗೆದರೆ ಇಡೀ ವಠಾರಕ್ಕೆ ಸೇರಿದ ಹಿತ್ತಲು. ಅಲ್ಲಿ ಬಟ್ಟೆ ಒಣಹಾಕುವ ತಂತಿಗಳು, ನೀರಿನ ತೊಟ್ಟಿ, ಮನೆ ಯಜಮಾನಿ ಮುನಿತಾಯಮ್ಮನ ಎರಡು ಹಸು. ಅವರ ರಾಗಿ ಹೊಲವಿದ್ದ ಜಾಗದಲ್ಲೇ ಈ ವಠಾರ ಎದ್ದಿತ್ತು. ಪಕ್ಕದ ಗೋಡೆಗಳೆರಡೂ ಅಕ್ಕಪಕ್ಕದ ಮನೆಯವರಿಗೂ ಸೇರಿದ್ದರಿಂದ ನಮಗೆ ಕಿಟಕಿ ಎಂಬುದೇ ಇರಲಿಲ್ಲ. ಮಟಮಟ ಮಧ್ಯಾಹ್ನವೂ ಅಡುಗೆಮನೆಯಲ್ಲಿ ಬಲ್ಬು ಹಾಕಿಯೇ ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಪೀಣ್ಯದ ಕಡೆಯಿಂದ ಪ್ರೆಸ್ ಮೆಷಿನ್ನುಗಳ ಸದ್ದು, ಯಾರೋ ದೊಡ್ಡ ಒರಳಿನಲ್ಲಿ ಕುಟ್ಟುತ್ತಿರುವ ಹಾಗೆ, ದಿನವಿಡೀ ಕೇಳುತ್ತಿತ್ತು. ಅದು ನಿಂತಿತೆಂದರೆ ಅಜ್ಜಿ ಕಣ್ಣೆತ್ತಿ ಬಲ್ಬು ನೋಡುತ್ತಿದ್ದಳು. ಬಲ್ಬೂ ಆರಿರುತ್ತಿತ್ತು.

ಆ ಕುಟ್ಟುವ ಸದ್ದಿನಲ್ಲಿ ನಮ್ಮ ಅಪ್ಪಾಜಿಯ ಪಾಲೂ ಇತ್ತು. ಹರಿಹರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಅವರು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್ ಆಗಿದ್ದರು. ತಗಡನ್ನು ಅಚ್ಚಿನ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನಿಂದ ಭಾರವೊಂದು ದಢಾರನೆ ಬಿದ್ದು, ತಗಡು ಫ್ಯಾನಿನ ಬಟ್ಟಲೋ ಬೀಗದ ಬೆನ್ನೋ ಆಗುತ್ತಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ, ಅವರು ಪೆಡಲ್ ಒತ್ತದೆಯೇ ಮೆಷಿನ್ನಿನ ಭಾರ ಮತ್ತೊಂದು ಸಲ ಬಿತ್ತು. ಬಲಗೈಯ ತೋರುಬೆರಳು, ಮಧ್ಯದ ಬೆರಳು ಬುಡಸಮೇತ ಹೋದವು. ಉಂಗುರದ ಬೆರಳು ಅರ್ಧ ಉಳಿಯಿತು. ಗಾಯ ಮಾಗಿದ ಮೇಲೆ ಓನರ್ ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ಗೇಟಿನ ಪಕ್ಕದ ಸ್ಟೋರ್‌ನಲ್ಲಿ ಸಾಮಾನು ಕೊಡುವ ಕೆಲಸಕ್ಕೆ ಹಾಕಿದರು. ಅಪ್ಪಾಜಿ ಅಲ್ಲಿಂದ ಮುಂದೆ ಮೆಷಿನ್ನುಗಳಿದ್ದ ದೊಡ್ಡ ಹಾಲ್‌ಗೆ ಕಾಲಿಡಲಿಲ್ಲ. ಗೇಟಿನಿಂದ ಸ್ಟೋರಿಗೆ, ಸ್ಟೋರಿನಿಂದ ಗೇಟಿಗೆ.

ಮನೆಯಲ್ಲಿ ಆಮೇಲಿನ ತಿಂಗಳುಗಳು ಹೇಗಿದ್ದವೆಂದರೆ, ನಾವೆಲ್ಲ ಮಲಗಿರುವ ಮಗುವೊಂದರ ಪಕ್ಕ ಓಡಾಡುವವರ ಹಾಗೆ ಓಡಾಡುತ್ತಿದ್ದೆವು. ಅಪ್ಪಾಜಿ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟಿರುತ್ತಿದ್ದರು. ಮನೆಯಲ್ಲಿ ಲುಂಗಿ ಉಟ್ಟಾಗ ಟವೆಲ್ಲಿನಡಿ. ಬೆಳಿಗ್ಗೆ ಪೂಜೆಗೆ ಕೂತರೆ ವಿಭೂತಿಯ ಮೂರು ಪಟ್ಟಿ ಎಳೆಯಲು ಮೂರು ಬೆರಳು ಬೇಕಲ್ಲ. ಅದನ್ನು ಅಜ್ಜಿಯೇ ಹಿಂದಿನಿಂದ ಬಂದು ಎಳೆದು ಹೋಗುತ್ತಿದ್ದಳು. ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದು ನಿಂತಿತು. ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಅವರ ಊಟ. ನಾವೆಲ್ಲ ಒಟ್ಟಿಗೆ ಕೂತು ಉಣ್ಣುವಾಗ ಅವರು ಅಡುಗೆಮನೆಯ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು, ಎಡಗೈಯಲ್ಲಿ ಉಣ್ಣುತ್ತಿದ್ದರು. ಚಮಚ ಕೊಟ್ಟರೆ ಬೇಡ ಎನ್ನುತ್ತಿದ್ದರು. ರೊಟ್ಟಿಯನ್ನು ಚಮಚದಲ್ಲಿ ಹೇಗೆ ತಿನ್ನುವುದು?

ಒಂದು ರಾತ್ರಿ ಅಜ್ಜಿ ತನ್ನ ತಟ್ಟೆಯನ್ನು ನೆಲದ ಮೇಲೆ ದಡ್ಡನೆ ಇಟ್ಟಳು.

"ಇಲ್ಲಿ ಬಾ ರುದ್ರ. ಗೋಡೆ ಕಡೆ ಮುಖ ಮಾಡ್ಕೆಂಡು ಯಾಕೆ ಉಣ್ತೀಯ? ಗೋಡೆಗೇನು ಹಸಿವಾ?"

"ಎಡಗೈಯಾಗೆ ಉಣ್ಣೋದು ಮಕ್ಕಳು ನೋಡಬಾರ್ದು ಅವ್ವಾ."

"ಲಿಂಗ ಯಾವ ಕೈಯಾಗೆ ಹಿಡೀತೀಯ?"

ಅಪ್ಪಾಜಿ ಎಡಗೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು.

"ಎಡಗೈಯಾಗೆ ಹೌದಲ್ಲ? ಶಿವ ಕುಂದ್ರೋ ಕೈಯಾಗೆ ರೊಟ್ಟಿ ಕುಂದ್ರಬಾರ್ದಾ? ಎದ್ದು ಬಾ ಅಂದೆ."

ಅಪ್ಪಾಜಿ ತಟ್ಟೆ ಎತ್ತಿಕೊಂಡು ಬಂದು ನನ್ನ ಮತ್ತು ಅಜ್ಜಿಯ ನಡುವೆ ಕೂತರು. ಅಮ್ಮ ಒಲೆಯ ಕಡೆ ತಿರುಗಿ, ಬೇಯದಿದ್ದ ರೊಟ್ಟಿಯನ್ನು ಸುಮ್ಮನೆ ಮಗುಚುತ್ತ ನಿಂತಳು. ಅವತ್ತಿನಿಂದ ಮನೆಯೊಳಗಿನದು ಸರಿಹೋಯಿತು. ಹೊಸಿಲಿನಾಚೆಯದು ಅಜ್ಜಿಯ ಕೈಯಲ್ಲಿರಲಿಲ್ಲ. ಹೊರಗೆ ಹೊರಟರೆ ಕೈ ಮತ್ತೆ ಜೇಬಿಗೆ ಇಳಿಯುತ್ತಿತ್ತು.

ಕ್ಯಾಮೆರಾ ನಮ್ಮ ಮನೆಗೆ ಬಂದದ್ದು ಅಮ್ಮನಿಗೋಸ್ಕರ. ಅಮ್ಮನ ತಮ್ಮ ಬಸವರಾಜ ಮಾವ ವೈಟ್‌ಫೀಲ್ಡ್ ಕಡೆ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದ. ಅವನು ತನಗೆ ಹೊಸದೊಂದನ್ನು ಕೊಂಡು, ಹಳೆಯದನ್ನು ಅಕ್ಕನಿಗೆಂದು ಬಿಟ್ಟುಹೋದ. ಕಪ್ಪು ಬಣ್ಣದ, ಸೋಪಿನ ಪೆಟ್ಟಿಗೆಯ ಆಕಾರದ ಸಣ್ಣ ಕ್ಯಾಮೆರಾ. ಅಮ್ಮ ಅಜ್ಜಿಯನ್ನು ಹಿತ್ತಲಲ್ಲಿ ನಿಲ್ಲಿಸಿ, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ ಅಪ್ಪಾಜಿ, ಎಷ್ಟೋ ದಿನಗಳ ಮೇಲೆ ತಾವಾಗಿಯೇ ಬಾಯಿ ತೆರೆದರು.

"ಅಲ್ಲಾಡಿಸಿಬಿಟ್ಟೆ. ಅವ್ವ ಮಂಜು ಮಂಜಾಗಿ ಬರ್ತಾಳೆ ನೋಡು."

"ಹಂಗಾದ್ರೆ ನೀವೇ ತೆಗೀರಿ," ಎಂದುಬಿಟ್ಟಳು ಅಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗುಂಡಿ ಇರುವುದು ಕ್ಯಾಮೆರಾದ ಬಲಗಡೆ. ಅದನ್ನು ಒತ್ತುವ ಬೆರಳು ಯಾವುದೆಂದು ನಮಗೆಲ್ಲ ಗೊತ್ತಿತ್ತು.

ಅಪ್ಪಾಜಿ ಕೋಪ ಮಾಡಿಕೊಳ್ಳಲಿಲ್ಲ. ಕ್ಯಾಮೆರಾ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಅಂದು ಭಾನುವಾರ. ಅಮ್ಮ ಬಟ್ಟೆ ಒಗೆದು, ಹಿಂಡಿ, ತಂತಿಗೆ ಹರವುವವರೆಗೂ ಅವರು ಅದನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತಿದ್ದರು. ಬಲಗೈಯ ಹೆಬ್ಬೆರಳಿನಿಂದ ಒತ್ತಲು ನೋಡಿದರು, ಹಿಡಿತ ಸಿಗಲಿಲ್ಲ. ಎಡಗೈಯನ್ನು ಮೇಲಿನಿಂದ ಅಡ್ಡ ತಂದರು, ಅದು ಮಸೂರಕ್ಕೇ ಅಡ್ಡವಾಯಿತು. ಆಮೇಲೆ ಇದ್ದಕ್ಕಿದ್ದಂತೆ ಅದನ್ನು ಪೂರ್ತಿ ತಲೆಕೆಳಗು ಮಾಡಿದರು. ಬಲಗಡೆಯಿದ್ದ ಗುಂಡಿ ಎಡಗಡೆಗೆ ಬಂತು, ಮೇಲಿದ್ದದ್ದು ಕೆಳಗೆ ಬಂತು, ಸರಿಯಾಗಿ ಎಡ ಹೆಬ್ಬೆರಳಿನ ಮೇಲೆ ಕೂತಿತು. ರೀಲ್ ಸುತ್ತುವ ಹಲ್ಲಿನ ಗಾಲಿಯೂ ಆ ಹೆಬ್ಬೆರಳಿಗೇ ಎಟುಕಿತು. ಇನ್ನೊಂದು ತುದಿಗೆ ಆಸರೆ ಕೊಡಲು ಬಲಗೈಯಲ್ಲಿ ಉಳಿದಿದ್ದಷ್ಟು ಸಾಕಿತ್ತು.

"ಶೈಲಾ, ಇಲ್ಲಿ ನೋಡು," ಎಂದರು. ನಾನು ತಿರುಗಿ ನೋಡಿದೆ. ಕ್ಲಿಕ್ ಎಂದಿತು.

ಬಸ್‌ಸ್ಟಾಪಿನ ಹತ್ತಿರದ ಸ್ಟುಡಿಯೋದಲ್ಲಿ ಆ ಮೊದಲ ರೀಲ್ ತೊಳೆಸಿದಾಗ ಅಂಗಡಿಯವನು ತಲೆ ಕೆರೆದುಕೊಂಡನಂತೆ, ನೆಗೆಟಿವ್ ಅಂಚಿನ ನಂಬರು ಒಂದು ಕಡೆ, ಜನರ ತಲೆ ಇನ್ನೊಂದು ಕಡೆ ಇದೆಯಲ್ಲ ಸಾರ್ ಎಂದು. ಪ್ರಿಂಟನ್ನು ತಿರುಗಿಸಿ ಹಿಡಿದರೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಮನೆಯೊಳಗೆ ತೆಗೆದ ಫೋಟೋಗಳು ಮಾತ್ರ ಭಯಂಕರವಾಗಿದ್ದವು. ಕ್ಯಾಮೆರಾ ತಲೆಕೆಳಗಾದಾಗ ಅದರ ಫ್ಲ್ಯಾಷೂ ಕೆಳಕ್ಕೆ ಹೋಗಿ, ಬೆಳಕು ಗದ್ದದಡಿಯಿಂದ ಮೇಲಕ್ಕೆ ಹೊಡೆದಿತ್ತು. ಅಮ್ಮನ ಮೂಗಿನ ಹೊಳ್ಳೆಗಳು ಉರಿಯುತ್ತಿದ್ದವು. ಅಜ್ಜಿಯ ನೆರಳು ಅವಳ ತಲೆಯ ಮೇಲೆ ಇನ್ನೊಂದು ಅಜ್ಜಿಯಾಗಿ ಗೋಡೆ ಹತ್ತಿತ್ತು. ಬಾಡಿಗೆ ಕೇಳಲು ಬಂದು, ನಮ್ಮ ಒತ್ತಾಯಕ್ಕೆ ನಡುಮನೆಯಲ್ಲಿ ಕೂತಿದ್ದ ಮುನಿತಾಯಮ್ಮನ ಫೋಟೋ ಎಲ್ಲಕ್ಕಿಂತ ಮೇಲು. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಏನಪ್ಪಾ ರುದ್ರಣ್ಣ, ನನ್ ಮೊಕ ಇಂಗೈತಾ? ಮುನೇಸ್ವರ ಮೈಮ್ಯಾಕೆ ಬಂದಂಗೈತಲ್ಲ! ಬಾಡಿಗೆ ಕೊಡ್ದೆ ಇರೋರ ಮನೇಗೆ ಇದುನ್ನೇ ಕಳಿಸ್ತೀನಿ ತಗೋ."

ಅಪ್ಪಾಜಿ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೆಗಲು ಕುಣಿಸಿ, ಕೊನೆಗೆ ಕಣ್ಣೊರೆಸಿಕೊಳ್ಳುವಷ್ಟು. ಕಣ್ಣೊರೆಸಿಕೊಂಡದ್ದು ಬಲಗೈಯಲ್ಲಿ. ಅದನ್ನು ಅವರು ಗಮನಿಸಲಿಲ್ಲ, ಅಮ್ಮ ಗಮನಿಸಿದಳು.

ಆಮೇಲೆ ಅವರು ಫ್ಲ್ಯಾಷ್ ಹಾಕಲೇ ಇಲ್ಲ. ಅದರಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಫ್ಲ್ಯಾಷ್ ಇಲ್ಲವೆಂದರೆ ಬೆಳಕು ಬೇಕು. ಬೆಳಕು ಬೇಕೆಂದರೆ ನಮ್ಮಲ್ಲಿ ಇದ್ದದ್ದು ಮುಂಬಾಗಿಲು ಮತ್ತು ಹಿತ್ತಲು. ಅಮ್ಮ ಅಕ್ಕಿ ಆರಿಸುವುದು ಅಡುಗೆಮನೆಯಿಂದ ಹೊಸಿಲಿಗೆ ಬಂತು. ನನ್ನ ಜಡೆ ಹಾಕುವ ಕೆಲಸ ಬಾಗಿಲ ಬಳಿಯ ಮೆಟ್ಟಿಲಿಗೆ ಬಂತು. ಬೆಳಿಗ್ಗೆ ಯಾವ ಹೊತ್ತಿಗೆ ಬಿಸಿಲು ಎದುರು ಮನೆಯ ಗೋಡೆಗೆ ಬಡಿದು ನಮ್ಮ ನಡುಮನೆಯೊಳಕ್ಕೆ ಮೆತ್ತಗೆ ಬರುತ್ತದೆ, ಸಂಜೆ ಯಾವಾಗ ಹಸುಗಳ ಬೆನ್ನು ಹೊಳೆಯುತ್ತದೆ ಎನ್ನುವುದೆಲ್ಲ ನಮ್ಮ ಮನೆಯ ಮಾತಾಯಿತು. ಹಿತ್ತಲಲ್ಲಿ ಬಿಳಿ ಪಂಚೆ ಒಣಗುತ್ತಿದ್ದರೆ ಅದರ ಎದುರಿಗೆ ನಿಂತವರ ಮುಖದ ಮೇಲೆ ಹಾಲಿನಂಥ ಬೆಳಕು ಬೀಳುತ್ತದೆಂದು ಅಪ್ಪಾಜಿ ಒಂದು ಭಾನುವಾರ ಕಂಡುಹಿಡಿದರು. ಅಲ್ಲಿಂದ ಬಟ್ಟೆ ಒಗೆಯುವ ದಿನವೇ ಫೋಟೋ ದಿನ. ವಠಾರದ ಹೆಂಗಸರು ಸ್ನಾನ ಮಾಡಿ, ಹೂ ಮುಡಿದು ನಮ್ಮ ತಂತಿಯ ಬಳಿ ಬರುತ್ತಿದ್ದರು. ಪಂಚೆ ಕೊಳೆಯಾಗಿರದಿದ್ದರೂ ಅಮ್ಮ ಅದನ್ನು ನೀಲಿ ಹಾಕಿ ಮತ್ತೆ ಒಗೆಯುತ್ತಿದ್ದಳು.

ನಾನು ಆಮೇಲೆ ಎಷ್ಟೋ ಜನ ಒಳ್ಳೆಯ ಫೋಟೋಗ್ರಾಫರುಗಳ ಕೆಲಸ ನೋಡಿದ್ದೇನೆ. ಅವರ ಪಕ್ಕ ಅಪ್ಪಾಜಿಯವನ್ನು ಇಡಲು ನನಗೆ ಸಂಕೋಚವಿಲ್ಲ. ಅಪ್ಪಾಜಿಯ ಫೋಟೋದಲ್ಲಿ ಯಾರೂ ಬೆಚ್ಚಿಬಿದ್ದಿರುವುದಿಲ್ಲ. ಕ್ಯಾಮೆರಾ ತಿರುಗಿಸಿ, ಎರಡೂ ತುದಿ ಭದ್ರಮಾಡಿಕೊಳ್ಳಲು ಅವರಿಗೆ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರು ಫೋಟೋದ ಮುಖ ಬಿಟ್ಟು ತಮ್ಮ ಮುಖಕ್ಕೆ ಮರಳಿರುತ್ತಿದ್ದರು. ಅಪ್ಪಾಜಿ ಅವಸರ ಮಾಡುತ್ತಿರಲಿಲ್ಲ. ಕಾಯುವುದನ್ನು ನಾನು ಕಲಿತದ್ದು ಅವರ ಎದುರು ನಿಂತು.

ಹೊರಗಿನ ಓಡಾಟ ಶುರುವಾದದ್ದು ಹೆಸರಘಟ್ಟದ ಕೆರೆಯಿಂದ. ಬಸ್ಸಿನಲ್ಲಿ ಹೋಗಿ, ಏರಿಯ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಿದ್ದೆವು. ಅಪ್ಪಾಜಿ ಕೆರೆಯಂಚಿನಲ್ಲಿ ಬಲೆ ಎಳೆಯುತ್ತಿದ್ದವರ ಕಡೆ ಕ್ಯಾಮೆರಾ ಎತ್ತಿದರು. ಹಿಂದಿನಿಂದ ನಾಲ್ಕೈದು ಕಾಲೇಜು ಹುಡುಗರ ನಗು ಕೇಳಿತು.

"ಅಂಕಲ್, ಕ್ಯಾಮೆರಾ ಉಲ್ಟಾ ಹಿಡ್ಕೊಂಡಿದ್ದೀರ!"

"ಬಿಡೋ ಮಗಾ, ಹಳ್ಳಿ ಕಡೆಯವ್ರಿರ್ಬೇಕು."

ಅಮ್ಮನ ಕೈ ಡಬ್ಬಿಯ ಮೇಲೇ ನಿಂತಿತು. ಇನ್ನು ಅಪ್ಪಾಜಿಯ ಕೈ ಜೇಬಿಗೆ ಇಳಿಯುತ್ತದೆ, ಇನ್ನೊಂದು ವರ್ಷ ನಾವು ಎಲ್ಲಿಗೂ ಬರುವುದಿಲ್ಲ ಎಂದುಕೊಂಡೆ ನಾನು. ಅಪ್ಪಾಜಿ ಮೊದಲು ಗುಂಡಿ ಒತ್ತಿದರು. ಬಲೆ ನೀರಿನಿಂದ ಏಳುವ ಗಳಿಗೆ ಅದು, ಬಿಡುವಂತಿರಲಿಲ್ಲ. ಆಮೇಲೆ ತಿರುಗಿದರು.

"ಗೊತ್ತು ಕಣಪ್ಪ. ಏನ್ಮಾಡೋದು, ಕ್ಯಾಮೆರಾ ಮಾಡಿದೋರು ನನ್ನ ಕೈ ನೋಡಿರಲಿಲ್ಲ," ಎಂದು ಬಲಗೈ ಎತ್ತಿ ತೋರಿಸಿದರು.

ಹುಡುಗರ ಮುಖ ಸಪ್ಪಗಾಯಿತು. ಒಬ್ಬ ಸಾರಿ ಸಾರ್ ಎಂದ. ಅಪ್ಪಾಜಿ, "ಅದಕ್ಯಾಕೆ ಸಾರಿ? ಬನ್ನಿ, ನಿಮ್ಮ ಕ್ಯಾಮೆರಾ ಕೊಡಿ, ಎಲ್ಲರದೂ ಒಂದು ತೆಗೀತೀನಿ," ಎಂದು ಅವರನ್ನು ಮರದ ನೆರಳಿನಂಚಿಗೆ ನಿಲ್ಲಿಸಿ, ಅವರ ಹೊಸ ಕ್ಯಾಮೆರಾವನ್ನೂ ಉಲ್ಟಾ ಹಿಡಿದು ತೆಗೆದುಕೊಟ್ಟರು. ಹುಡುಗರು ಹೋಗುವಾಗ ಅಪ್ಪಾಜಿಯ ಕೈ ಕುಲುಕಿದರು, ಬೆರಳು ಹೋದ ಬಲಗೈಯನ್ನೇ. ಊಟಕ್ಕೆ ಕೂತಾಗ ಅಪ್ಪಾಜಿ ಎಡಗೈಯಲ್ಲಿ ಚಿತ್ರಾನ್ನ ಕಲಸಿ, ಏರಿಯ ಮೇಲೆ ಹೋಗಿಬರುವವರೆಲ್ಲ ನೋಡುವಂತೆ ಉಂಡರು.

ಅಲ್ಲಿಂದ ನಮ್ಮ ಭಾನುವಾರಗಳು ತೆರೆದುಕೊಂಡವು. ತಿಂಗಳಿಗೊಮ್ಮೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಮಾವನ ಮನೆಗೆ ಹೋಗುತ್ತಿದ್ದೆವು. ಆಗ ವೈಟ್‌ಫೀಲ್ಡ್ ಎಂದರೆ ಬೇರೆಯೇ ಊರು. ಹೆಂಚಿನ ಬಂಗಲೆಗಳು, ಗುಲಾಬಿ ತೋಟಗಳು, ಫ್ರಾಕ್ ತೊಟ್ಟು ನಾಯಿಯೊಂದಿಗೆ ನಡೆಯುವ ಮುದುಕಿಯರು. ಅದರಾಚೆ ದೊಡ್ಡದೊಂದು ಕಟ್ಟಡಕ್ಕೆ ಪಾಯ ತೋಡುತ್ತಿದ್ದರು, ಕೆಂಪು ಮಣ್ಣಿನ ಗುಡ್ಡಗಳು. ಅಲ್ಲಿ ತಲೆಯ ಮೇಲೆ ಬಾಂಡಲಿ ಹೊತ್ತ ಒಬ್ಬ ಹೆಂಗಸು ನಮ್ಮನ್ನು ಕಂಡು, "ನನ್ನದೂ ಒಂದು ತೆಗೀರಿ ಅಣ್ಣಾ," ಎಂದಳು. ತೆಗೆದರು. ಫೋಟೋ ಕೊಡಲೆಂದೇ ಮುಂದಿನ ತಿಂಗಳು ಮಾವ ಊರಲ್ಲಿಲ್ಲದಿದ್ದರೂ ನಮ್ಮನ್ನು ಅಷ್ಟು ದೂರ ಎಳೆದುಕೊಂಡು ಹೋದರು. ಆಕೆ ಬೇರೆ ಕಟ್ಟಡಕ್ಕೆ ಹೋಗಿದ್ದಳು. ಆ ಕಟ್ಟಡವನ್ನು ಹುಡುಕಿಕೊಂಡು ಬಿಸಿಲಲ್ಲಿ ನಡೆದೆವು. ಅಮ್ಮ ದಾರಿಯುದ್ದಕ್ಕೂ ಗೊಣಗಿದಳು. ಕೊನೆಗೆ ಆಕೆ ಸಿಕ್ಕಿ, ಕೈಯ ಸಿಮೆಂಟನ್ನು ಸೀರೆಗೆ ಒರೆಸಿಕೊಂಡು ಫೋಟೋ ಇಸಿದುಕೊಂಡು, ಅದರಲ್ಲಿ ತನ್ನನ್ನು ನೋಡುತ್ತ ನಿಂತಾಗ ಅಮ್ಮ ಗೊಣಗುವುದನ್ನು ನಿಲ್ಲಿಸಿದಳು. "ಒಬ್ಬರನ್ನ ನಿಲ್ಲಿಸಿ ತೆಗೆದ ಮೇಲೆ ಅದು ಅವರದು," ಎನ್ನುತ್ತಿದ್ದರು ಅಪ್ಪಾಜಿ.

ಅಪ್ಪಾಜಿಯ ಫೋಟೋಗಳ ಸುದ್ದಿ ಕಾರ್ಖಾನೆಗೂ ಮುಟ್ಟಿತು. ಆಯುಧಪೂಜೆ ಹತ್ತಿರ ಬಂದಾಗ ಓನರ್ ಶ್ರೀನಿವಾಸಯ್ಯ ಅವರನ್ನು ಕರೆದು, "ರುದ್ರಪ್ಪ, ಈ ಸಲ ಸ್ಟುಡಿಯೋದವನು ಬೇಡ. ಒಬ್ಬೊಬ್ಬರನ್ನೂ ಅವರವರ ಮೆಷಿನ್ ಜೊತೆ ನಿಲ್ಲಿಸಿ ನೀನೇ ತೆಗಿ," ಎಂದರಂತೆ. ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ಖುಷಿ. ಅಪ್ಪಾಜಿ ಮಾತ್ರ ಮಂಕಾಗಿದ್ದರು. ಯಾಕೆಂದು ನನಗೆ ಆಮೇಲೆ ಹೊಳೆಯಿತು. ಮೆಷಿನ್ನುಗಳಿರುವುದು ಆ ದೊಡ್ಡ ಹಾಲ್‌ನಲ್ಲಿ.

ಹಬ್ಬದ ದಿನ ನಮ್ಮನ್ನೂ ಕರೆದುಕೊಂಡು ಹೋದರು. ಕಾರ್ಖಾನೆಯನ್ನು ಸದ್ದಿಲ್ಲದೆ ನೋಡಿದ್ದು ನಾನು ಅಂದೇ. ಮೆಷಿನ್ನುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದರು. ಕಂಬಗಳಿಗೆ ಬಾಳೆಕಂದು, ಬಾಗಿಲಲ್ಲಿ ಒಡೆದ ಬೂದುಗುಂಬಳ, ದೊನ್ನೆಗಳಲ್ಲಿ ಕಡ್ಲೆಪುರಿ. ಕೆಲಸಗಾರರ ಹೆಂಡಿರು ಮಕ್ಕಳೆಲ್ಲ ಬಂದಿದ್ದರು. ಅಪ್ಪಾಜಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಂದು ಗಳಿಗೆ ನಿಂತು, ಒಳಗೆ ಕಾಲಿಟ್ಟರು. ಹೋದ ಕೂಡಲೇ ಕೆಲಸಕ್ಕೆ ಇಳಿದರು. ರೋಲಿಂಗ್ ಶಟರ್ ಪೂರ್ತಿ ಎತ್ತಿಸಿದರು. ಚೀಲದಿಂದ ಬಿಳಿ ಪಂಚೆ ತೆಗೆದು ಇಬ್ಬರ ಕೈಯಲ್ಲಿ ಎರಡು ತುದಿ ಹಿಡಿಸಿದರು. ಒಬ್ಬೊಬ್ಬರೇ ಬಂದು ನಿಂತರು. ಹೊಸ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಹೆಗಲ ಮೇಲೆ ಮಗು. ಅಪ್ಪಾಜಿ ಅವರ ಹೆಸರು ಕರೆದು, ಮಾತಾಡಿಸಿ, ನಗಿಸಿ ತೆಗೆಯುತ್ತ ಹೋದರು. ನನಗೆ ಹೆಮ್ಮೆಯಿಂದ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ಹಾಲ್‌ನ ಆಚೆ ತುದಿಯಲ್ಲಿದ್ದದ್ದು ಆ ಪ್ರೆಸ್. ಯಾರೂ ಹೇಳದಿದ್ದರೂ ಅದೇ ಎಂದು ನನಗೆ ಗೊತ್ತಾಯಿತು, ಅಮ್ಮ ನನ್ನ ಭುಜ ಹಿಡಿದುಕೊಂಡ ರೀತಿಯಿಂದ. ಈಗ ಅದನ್ನು ನಡೆಸುತ್ತಿದ್ದವನು ಕೊಪ್ಪಳದ ಕಡೆಯ ಸಿದ್ದು. ಆ ವರ್ಷ ಮದುವೆಯಾಗಿದ್ದ, ಹೆಂಡತಿ ಇನ್ನೂ ಊರಿನಲ್ಲೇ ಇದ್ದಳು. ಅವಳಿಗೆ ತೋರಿಸಲು ಫೋಟೋ ಬೇಕೆಂದು ಬೆಳಗಿನಿಂದ ಅಪ್ಪಾಜಿಯ ಹಿಂದೆ ಬಿದ್ದಿದ್ದ. ಗತ್ತಿನಿಂದ ನಿಂತು, ಬಲಗೈಯನ್ನು ಅಚ್ಚಿನ ಮೇಲೆ, ಭಾರ ಬೀಳುವ ಜಾಗದಲ್ಲೇ, ಹಸುವಿನ ಬೆನ್ನ ಮೇಲೆ ಇಡುವ ಹಾಗೆ ಇಟ್ಟ. ಅಪ್ಪಾಜಿ ಕ್ಯಾಮೆರಾದೊಳಗೆ ನೋಡಿದರು.

"ಕೈ ತೆಗಿ!"

ಆ ಕೂಗಿಗೆ ಪಂಚೆ ಹಿಡಿದಿದ್ದ ಇಬ್ಬರೂ ತಿರುಗಿ ನೋಡಿದರು.

"ಕರೆಂಟೇ ಇಲ್ಲಲ್ರೀ ಅಣ್ಣಾ," ಸಿದ್ದು ನಕ್ಕ. "ಇವತ್ತು ಅದು ದೇವರು. ಏನೂ ಮಾಡಂಗಿಲ್ಲ."

"ಕೈ ತೆಗಿ ಮೊದ್ಲು."

ಅವನು ತೆಗೆದ. ಅಪ್ಪಾಜಿ ಕ್ಯಾಮೆರಾವನ್ನು ಕೊರಳಿಗೆ ಇಳಿಬಿಟ್ಟರು. ಓನರ್ ಹತ್ತಿರ ಬಂದರು, ಅವರ ಹಿಂದೆ ಅವರ ಹೆಂಡತಿ.

"ಏನಾಯ್ತು ರುದ್ರಪ್ಪ, ರೀಲ್ ಮುಗೀತಾ?"

"ರೀಲ್ ಇದೆ ಸಾರ್. ಈ ಮೆಷಿನ್ ಜೊತೆ ಮಾತ್ರ ತೆಗೆಯೋಕೆ ಆಗಲ್ಲ."

"ಯಾಕಪ್ಪ?"

"ಕೈ ಒಳಗೆ ಹೋಗ್ದಿರೋ ಹಂಗೆ ಇದಕ್ಕೊಂದು ಜಾಲರಿ ಇತ್ತು ಸಾರ್. ಅದು ಸ್ಟೋರಲ್ಲಿ ಬಿದ್ದಿದೆ. ಬಿಚ್ಚಿದ್ದು ನಾನೇ. ಜಾಲರಿ ಇಲ್ದಿದ್ರೆ ತಗಡು ಬೇಗ ಬೇಗ ಇಡಬಹುದು ಅಂತ ನಾನೇ ಬಿಚ್ಚಿದೆ. ನೀವೂ ಬೇಡ ಅನ್ನಲಿಲ್ಲ."

ಓನರ್ ಮುಖ ಕೆಂಪಾಯಿತು. ಸುತ್ತ ಹೆಂಗಸರು ಮಕ್ಕಳು ನಿಂತಿದ್ದರು. "ಹಬ್ಬದ ದಿನ ಇದೆಲ್ಲ ಯಾಕಪ್ಪ? ನಾಳೆ ಕೂತು ಮಾತಾಡೋಣ."

"ಹಬ್ಬದ ದಿನವೇ ಮಾತಾಡಬೇಕು ಸಾರ್. ನಾಳೆ ಅದು ಓಡುತ್ತೆ."

ಸಿಟ್ಟಾದವನು ಸಿದ್ದು. "ಜಾಲರಿ ಹಾಕಿದ್ರ ಕೈ ನಿಧಾನ ಆಗ್ತೈತಿ ಅಣ್ಣಾ. ನಾ ಹುಷಾರ್ ಇರ್ತೀನಿ. ನೀವು ಫೋಟೋ ತೆಗೀರಿ."

"ನಾನೂ ಹುಷಾರಾಗೇ ಇದ್ದೆ ಕಣೋ," ಎಂದರು ಅಪ್ಪಾಜಿ. ದನಿ ಎತ್ತರಿಸಲಿಲ್ಲ. ಬಲಗೈಯನ್ನು ಸಿದ್ದುವಿನ ಬಲಗೈಯ ಪಕ್ಕಕ್ಕೆ ಹಿಡಿದರು, ಅಷ್ಟೇ. ಓನರ್ ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡರು. ಅಷ್ಟು ದಿನ ಗೇಟಿನ ಪಕ್ಕದ ಸ್ಟೋರಿನಲ್ಲಿ ಜೇಬಿನೊಳಗೇ ಇರುತ್ತಿದ್ದ ಆ ಕೈಯನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಯಾರೋ ಪ್ರಸಾದ ತಗೊಳ್ಳಿ ಎಂದು ಕೂಗಿದರು, ಜನ ಚದುರಿದರು. ಅಪ್ಪಾಜಿ ಉಳಿದವರ ಫೋಟೋಗಳನ್ನು ಅದೇ ತಾಳ್ಮೆಯಿಂದ ತೆಗೆದು ಮುಗಿಸಿದರು. ಸಿದ್ದು ಕಡ್ಲೆಪುರಿ ಕೂಡ ತೆಗೆದುಕೊಳ್ಳದೆ ಹೊರಟುಹೋದ.

ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದರೂ ಯಾರಿಗೂ ಸೇರಲಿಲ್ಲ. ಅಮ್ಮ ಅಳುತ್ತಲೇ ಜಗಳವಾಡಿದಳು.

"ಬಿಟ್ಟುಬಿಟ್ಟಿದ್ರೆ ಆಗ್ತಿತ್ತಲ್ರೀ. ಒಂದು ಫೋಟೋ ತಾನೆ? ಕೈ ಹೋದಾಗಲೂ ಕೆಲಸದಲ್ಲಿ ಇಟ್ಕೊಂಡಿದ್ರು ಅವರು. ನಾಳೆ ಬರಬೇಡ ಅಂದ್ರೆ ಏನ್ಮಾಡ್ತೀರ? ನಿಮಗೆ ಇನ್ಯಾರು ಕೆಲಸ ಕೊಡ್ತಾರೆ?"

"ಗೊತ್ತಿಲ್ಲ ಗಿರಿಜಾ," ಎಂದರು ಅಪ್ಪಾಜಿ. "ಆ ಹುಡುಗನ ಹೆಂಡತಿ ಕೈಗೆ ಆ ಫೋಟೋ ಕೊಡಬೇಕಲ್ಲ. ನಾಳೆ ಅವನಿಗೇನಾದ್ರೂ ಆದ್ರೆ ಅವಳು ಅದನ್ನ ನೋಡ್ತಾ ಕೂರ್ತಾಳೆ. ಅಂಥದ್ದು ನಾನು ತೆಗೆಯಲ್ಲ."

ಅಜ್ಜಿ ಹೋಳಿಗೆಯೊಂದನ್ನು ತುಪ್ಪ ಹಾಕಿ ಮಗನ ತಟ್ಟೆಗೆ ಇಟ್ಟಳು.

ಮರುದಿನ ಗೇಟಿನಲ್ಲಿ ಅಪ್ಪಾಜಿಯನ್ನು ಯಾರೂ ತಡೆಯಲಿಲ್ಲ. ಆದರೆ ಓನರ್ ಮಾತು ಬಿಟ್ಟರು. ಏನಾದರೂ ಬೇಕಿದ್ದರೆ ಬೇರೆಯವರ ಕೈಯಲ್ಲಿ ಹೇಳಿಸುತ್ತಿದ್ದರು. ಸಿದ್ದುವೂ ಮಾತು ಬಿಟ್ಟ. ದೀಪಾವಳಿಯವರೆಗೂ ನಾವು ದಿನಾ ಸಂಜೆ ಅಪ್ಪಾಜಿಯ ಮುಖ ನೋಡಿಯೇ ಉ‌ಸಿರು ಬಿಡುತ್ತಿದ್ದೆವು. ಅಮ್ಮ ಮುನಿತಾಯಮ್ಮನ ಹತ್ತಿರ, ಹೆಚ್ಚುಕಡಿಮೆಯಾದರೆ ಬಾಡಿಗೆಗೆ ಸ್ವಲ್ಪ ದಿನ ತಾಳುತ್ತೀರಾ ಎಂದು ಕೇಳಿಯೂ ಇಟ್ಟಿದ್ದಳು. "ಅದೆಲ್ಲ ಆಮ್ಯಾಕೆ ನೋಡಾನ ಸುಮ್ಕಿರಮ್ಮಿ. ಅವಯ್ಯ ಅಂದದ್ರಾಗೆ ತಪ್ಪೇನೈತೆ?" ಎಂದಿದ್ದರು ಅವರು. ಅಷ್ಟು ಭಯದ ನಡುವೆಯೂ ಭಾನುವಾರ ಬಂದರೆ ಅಪ್ಪಾಜಿ ಕ್ಯಾಮೆರಾ ತೆಗೆದು, ಒರೆಸಿ, ಹಿತ್ತಲಿಗೆ ಹೋಗುತ್ತಿದ್ದರು. ನಾನು ಅವರನ್ನು ಆ ದಿನಗಳಲ್ಲಿ ನೋಡಿದಷ್ಟು ಗಮನದಿಂದ ಇನ್ನಾರನ್ನೂ ನೋಡಿಲ್ಲ. ಹೆದರಿದ್ದರು, ಅದು ಕಾಣುತ್ತಿತ್ತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಹೆದರಿಕೆಯೂ ಗಟ್ಟಿತನವೂ ಒಬ್ಬನೇ ಮನುಷ್ಯನಲ್ಲಿ ಹೀಗೆ ಒಟ್ಟಿಗೆ ಇರಬಹುದೆಂದು ಆ ವಯಸ್ಸಿನಲ್ಲಿ ನಾನು ಅಂದುಕೊಂಡಿರಲಿಲ್ಲ.

ದೀಪಾವಳಿ ಕಳೆದ ವಾರ ಅವರು ಬೇಗ ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ಹೊಸಿಲ ಮೇಲೆ ನಿಂತು, "ಕ್ಯಾಮೆರಾ ಕೊಡು ಶೈಲಾ. ನೀನೂ ಬರೋದಿದ್ರೆ ಬಾ," ಎಂದರು. ದಾರಿಯಲ್ಲಿ ವಿಷಯ ಹೇಳಿದರು. ಓನರ್ ಅಂದು ಬೆಳಿಗ್ಗೆ ತಾವೇ ಸ್ಟೋರಿಗೆ ಬಂದು, ಬಾಗಿಲಲ್ಲಿ ನಿಂತು, ಬೇರೆಲ್ಲೋ ನೋಡುತ್ತ ಮಾತಾಡಿದ್ದರಂತೆ.

"ಆ ಜಾಲರಿ ತೆಗೆದು ಕೊಡು ಮಾರಾಯ. ನಮ್ಮನೆಯವಳು ದಿನಾ ಊಟಕ್ಕೆ ಕೂತಾಗ ಕೇಳ್ತಾಳೆ, ಹಾಕಿಸಿದ್ರಾ ಹಾಕಿಸಿದ್ರಾ ಅಂತ. ಅನ್ನ ಗಂಟಲಲ್ಲಿ ಇಳೀತಿಲ್ಲ."

ನಾವು ಹೋದಾಗ ಜಾಲರಿ ಕೂತಿತ್ತು. ತುಕ್ಕು ಉಜ್ಜಿ, ಹಳದಿ ಬಣ್ಣ ಬಳಿದಿದ್ದರು, ಬಣ್ಣ ಇನ್ನೂ ಅಂಟುತ್ತಿತ್ತು. ಉಳಿದ ಪ್ರೆಸ್‌ಗಳಿಗೂ ಅಂಥದ್ದೇ ಮಾಡಿಸಲು ಅಳತೆ ತೆಗೆಯುತ್ತಿದ್ದರು. ಸಿದ್ದು ಎಣ್ಣೆ ಮೆತ್ತಿದ ಅಂಗಿಯಲ್ಲೇ ಬಂದು ನಿಂತ. ಮುಖ ಇನ್ನೂ ಸ್ವಲ್ಪ ಊದಿಕೊಂಡೇ ಇತ್ತು. ಅಪ್ಪಾಜಿ ಕ್ಯಾಮೆರಾ ತಿರುಗಿಸಿದರು, ಕಾದರು. ಸಿದ್ದು ಬಿಗಿದುಕೊಂಡು ನಿಂತ, ಸುಸ್ತಾದ, ಕೊನೆಗೆ ತಡೆಯಲಾರದೆ, "ತೆಗೀರಿ ಅಣ್ಣಾ, ಎಷ್ಟೊತ್ತು!" ಎಂದು ನಕ್ಕ. ಆಗ ಒತ್ತಿದರು.

ಆ ಫೋಟೋ ತೆಗೆದುಕೊಂಡು ಸಿದ್ದು ಸಂಕ್ರಾಂತಿಗೆ ಊರಿಗೆ ಹೋದ. ಹೋಗಿ ಬಂದವನು ಒಂದು ಗಂಟು ಜೋಳದ ಹಿಟ್ಟು ಹೊತ್ತು ನಮ್ಮ ಮನೆಗೆ ಬಂದ. ಅಮ್ಮ ಅದರಲ್ಲೇ ರೊಟ್ಟಿ ಬಡಿದಳು. ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತೆವು.

"ಫೋಟೋ ನೋಡಿ ಏನಂದಳೋ ನಿನ್ನ ಹೆಂಡತಿ?" ಅಜ್ಜಿ ಕೇಳಿದಳು.

ಸಿದ್ದು ನಾಚಿಕೊಂಡ. "ನನ್ನ ನೋಡೋದು ಬಿಟ್ಟು ಮಿಷಿನ್ ನೋಡಿದ್ಲು ಅಜ್ಜಿ. ಇದಕ್ಯಾಕ ಪಂಜರ ಹಾಕ್ಯಾರ, ಇದೇನು ಕಡೀತೈತೇನು ಅಂತ ಕೇಳಿದ್ಲು."

"ನೀನೇನಂದೆ?" ಎಂದರು ಅಪ್ಪಾಜಿ.

"ಏನನ್ನಬೇಕು ತಿಳೀಲಿಲ್ಲ, ಸುಮ್ನಾದೆ."

ಅಪ್ಪಾಜಿ ರೊಟ್ಟಿ ಮುರಿಯುತ್ತ ಹೇಳಿದರು:

"ಮೊದ್ಲು ಕಡೀತಿತ್ತು, ಈಗ ಕಟ್ಟಿಹಾಕಿದ್ದೀವಿ ಅನ್ನು."